ಮುನ್ನೂರ ಇಪ್ಪತ್ತಾರನೆಯ ಪ್ರೇಕ್ಷಕ

ಆಟದ ವಿಷಯ ಬರೆಯುವ ಅಧಿಕಾರ ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಶಾಲೆಯ ದಿನಗಳಲ್ಲಿ ಕಾಲ್ಚೆಂಡಿನ ತಂಡಕ್ಕೆ ನನ್ನನ್ನು ಸೇರಿಸಿಕೊಳ್ಳುತ್ತಿದ್ದುದು ಹನ್ನೊಂದನೆಯವನು ಜ್ವರದಿಂದ ಮಲಗಿದ್ದಾಗ ಮಾತ್ರ. ಆಗಲೂ ನನ್ನನ್ನು ನಿಲ್ಲಿಸುತ್ತಿದ್ದುದು ಚೆಂಡು ಬರುವ ಸಂಭವ ಅತ್ಯಂತ ಕಡಮೆಯಿದ್ದ ಮೂಲೆಯಲ್ಲಿ. ಆದುದರಿಂದ ಈ ವಾರದ ಅಂಕಣ ಫುಟ್‌ಬಾಲ್ ಕುರಿತದ್ದೆಂದು ಹೇಳಿದಾಗ ನನ್ನಾಕೆ ಹುಬ್ಬೇರಿಸಿದಳು.

"ಆಟದ ವಿಷಯವಲ್ಲ ಮಹಾರಾಯಿತಿ, ಆಟ ನೋಡುವವರ ವಿಷಯ" ಎಂದೆ.

"ಹಾಗಾದರೆ ಸರಿ. ಕೂತು ನೋಡುವುದರಲ್ಲಿ ನಿಮ್ಮನ್ನು ಮೀರಿಸಿದವರಿಲ್ಲ" ಎಂದು ಆಕೆ ಒಳಗೆ ಹೋದಳು.

ಆ ಮಾತೂ ಪೂರ್ತಿ ನಿಜವಲ್ಲ. ನೋಡಬೇಕಾದಾಗ ನೋಡದೆ ಉಳಿದವರ ಕಥೆಯೇ ಇದು. ಅದರಲ್ಲಿ ನನ್ನ ಪಾಲೂ ಇದೆ.

ಕಳೆದ ಬೇಸಗೆಯಲ್ಲಿ ಎರಡು ತಿಂಗಳು ಮಗಳ ಮನೆಯಲ್ಲಿದ್ದು ಬರೋಣವೆಂದು ನಾವಿಬ್ಬರೂ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಹೋಗಿದ್ದೆವು. ಪರದೇಶದಲ್ಲಿರುವ ಮಕ್ಕಳ ಮನೆಗೆ ಹೋದ ತಂದೆತಾಯಿಗಳ ದಿನಚರಿ ಹೇಗಿರುತ್ತದೆಂಬುದು ವಾಚಕರಲ್ಲಿ ಅನೇಕರಿಗೆ ಗೊತ್ತೇ ಇದೆ. ಬೆಳಗ್ಗೆ ಒಂಬತ್ತರೊಳಗೆ ಅಳಿಯಂದಿರು ಆಸ್ಪತ್ರೆಗೆ, ಮಗಳು ಕಚೇರಿಗೆ, ಮೊಮ್ಮಗ ಶಾಲೆಗೆ. ಅನಂತರ ಮನೆಯೆಲ್ಲ ನಿಶ್ಶಬ್ದ. ನನ್ನಾಕೆಗೆ ಅಡುಗೆಮನೆಯ ಡಬ್ಬಿಗಳನ್ನು ಮತ್ತೆ ಹೊಸದಾಗಿ ಜೋಡಿಸುವ ಕೆಲಸವಾದರೂ ಇತ್ತು. ನನಗೆ ಅದೂ ಇಲ್ಲ. "ಕೊಡೆ ತೆಗೆದುಕೊಂಡು ಹೋಗಿ, ಹತ್ತಿರದಲ್ಲೇ ಪಾರ್ಕಿದೆ" ಎಂದು ಮಗಳು ದಿನವೂ ಹೇಳಿ ಹೋಗುತ್ತಿದ್ದಳು. ಅಲ್ಲಿಯ ಬೇಸಗೆಗೆ ಕೊಡೆ ಬೇಕು ಎಂಬುದನ್ನು ಬೇರೆ ವಿವರಿಸಬೇಕಾಗಿಲ್ಲ.

ಅವರ ಮನೆ ಇರುವುದು ನಗರದ ದಕ್ಷಿಣಕ್ಕೆ, ಮೌಂಟ್ ಫ್ಲಾರಿಡಾ ಎಂಬ ಬಡಾವಣೆಯ ಬಳಿ. ಕೂಗಳತೆಯಲ್ಲಿ ಜಗತ್ಪ್ರಸಿದ್ಧವಾದ ಹ್ಯಾಂಪ್ಡನ್ ಪಾರ್ಕ್ ಕ್ರೀಡಾಂಗಣ. 1937ರಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವಣ ಪಂದ್ಯವೊಂದನ್ನು ನೋಡಲು ಅಲ್ಲಿ ಸೇರಿದ್ದ ಜನ 1,49,415 ಮಂದಿ. ಆ ಮಹಾ ಕ್ರೀಡಾಂಗಣವನ್ನು ಹೊರಗಿನಿಂದ ಪ್ರದಕ್ಷಿಣೆ ಮಾಡಿ, ಬೇರೊಂದು ದಾರಿಯಲ್ಲಿ ಹಿಂತಿರುಗುವಾಗ, ಮರಗಳ ಮಧ್ಯೆ ಒಂದು ವಿಚಿತ್ರ ನೋಟ ಕಣ್ಣಿಗೆ ಬಿತ್ತು.

ಎದುರಿಗೆ ಅಚ್ಚ ಹಸುರಿನ ಬಯಲು. ಅದರ ಮೂರು ಮಗ್ಗುಲಿಗೆ, ಒಂದರ ಮೇಲೊಂದಾಗಿ ಏರಿಹೋದ ಕಾಂಕ್ರೀಟಿನ ಮೆಟ್ಟಿಲುಗಳು. ಮೆಟ್ಟಿಲುಗಳ ಮಧ್ಯೆ ಅಲ್ಲಲ್ಲಿ ಕೆಂಪು ಬಣ್ಣ ಬಳಿದ ಕಬ್ಬಿಣದ ಅಡ್ಡಕಂಬಿಗಳು. ಆ ಮೆಟ್ಟಿಲುಗಳನ್ನೇ ಸೀಳಿಕೊಂಡು ಎದ್ದ ದೊಡ್ಡ ದೊಡ್ಡ ಮರಗಳು. ನಮ್ಮ ಕಡೆಯವನ ಕಣ್ಣಿಗೆ ಅದು ಮೊದಲು ಕಂಡದ್ದು ಕಲ್ಯಾಣಿಯಂತೆ. ಹಳೆಯ ದೇವಸ್ಥಾನವೊಂದರ ಮುಂದಣ ಕೊಳ ಬತ್ತಿ, ನೀರಿದ್ದ ಕಡೆ ಹುಲ್ಲು ಬೆಳೆದು, ಸೋಪಾನಗಳಲ್ಲಿ ಅರಳಿ ಆಲಗಳು ಬೇರು ಬಿಟ್ಟರೆ ಹೇಗೆ ಕಾಣುವುದೋ ಹಾಗೆ. ಆದರೆ ದೇವಸ್ಥಾನ ಎಲ್ಲಿ? ಸುತ್ತಲೂ ನೋಡಿದೆ. ಏನೂ ಇಲ್ಲ. ಕಾಲು ನೋಯುತ್ತಿದ್ದುದರಿಂದ ಒಂದು ಕೆಂಪು ಕಂಬಿಯ ಹಿಂದೆ, ಮೆಟ್ಟಿಲ ಮೇಲೆ ಕರವಸ್ತ್ರ ಹಾಸಿ ಕುಳಿತೆ.

"ಕ್ಷಮಿಸಬೇಕು. ನೀವು ನನ್ನ ತಂದೆಯ ಜಾಗದಲ್ಲಿ ಕುಳಿತಿದ್ದೀರಿ."

ಬೆಚ್ಚಿ ಎದ್ದೆ. ಗ್ಲಾಸ್ಗೋದವರ ಇಂಗ್ಲಿಷು ನನ್ನ ಇಂಗ್ಲಿಷಿಗೆ ತಿಳಿಯುವಷ್ಟರಲ್ಲಿ ಅರ್ಧ ನಿಮಿಷ ಕಳೆದಿತ್ತು. ಎತ್ತರದ, ತೆಳ್ಳಗಿನ ವೃದ್ಧರೊಬ್ಬರು ಕೈಯಲ್ಲಿ ಚಹದ ಫ್ಲಾಸ್ಕು ಹಿಡಿದು ನಿಂತು ನಗುತ್ತಿದ್ದರು. "ಕೂತುಕೊಳ್ಳಿ, ಕೂತುಕೊಳ್ಳಿ. ಅವರು ತೀರಿಕೊಂಡು ನಲವತ್ತು ವರ್ಷಗಳ ಮೇಲಾಯಿತು. ಅವರೇನೂ ಬೇಡವೆನ್ನುವುದಿಲ್ಲ" ಎಂದು ತಾವೂ ಪಕ್ಕದಲ್ಲಿ ಕುಳಿತರು. ವಯಸ್ಸು ಎಪ್ಪತ್ತೊಂಬತ್ತು ಎಂದು ಆಮೇಲೆ ತಿಳಿಯಿತು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮುಂದೆ ಅವರು ಹೇಳಿದ ಒಂದು ಮಾತಿನಿಂದಾಗಿ ಅದು ಉಚಿತವಲ್ಲ.

ನಾನು ಕುಳಿತಿದ್ದುದು ಕ್ಯಾತ್ಕಿನ್ ಪಾರ್ಕ್ ಎಂಬ ಮೈದಾನದಲ್ಲಿ. ಅದು ಥರ್ಡ್ ಲ್ಯಾನಾರ್ಕ್ ಎಂಬ ಫುಟ್‌ಬಾಲ್ ಕ್ಲಬ್ಬಿನ ಮನೆಯಾಗಿತ್ತು. ಆ ಕ್ಲಬ್ಬು ಸತ್ತು ಅರ್ಧ ಶತಮಾನಕ್ಕೂ ಮಿಕ್ಕಿದೆ.

ಅದರ ಹುಟ್ಟಿನ ಕಥೆ ಕೇಳುವಂತಿದೆ. 1872ನೆಯ ನವೆಂಬರ್ 30ರಂದು ಇದೇ ಗ್ಲಾಸ್ಗೋದಲ್ಲಿ ಸ್ಕಾಟ್ಲೆಂಡಿಗೂ ಇಂಗ್ಲೆಂಡಿಗೂ ಜಗತ್ತಿನ ಮೊಟ್ಟಮೊದಲ ಅಧಿಕೃತ ಅಂತರರಾಷ್ಟ್ರೀಯ ಕಾಲ್ಚೆಂಡಿನ ಪಂದ್ಯ ನಡೆಯಿತು. ಒಂದು ಗೋಲೂ ಆಗಲಿಲ್ಲ. ಆದರೂ ನೋಡಿದವರಿಗೆ ಆಟದ ಹುಚ್ಚು ಹಿಡಿಯಿತು. ಎರಡು ವಾರ ತುಂಬುವ ಮೊದಲೇ, ಡಿಸೆಂಬರ್ 12ರಂದು, ಲ್ಯಾನಾರ್ಕ್ ಪ್ರಾಂತದ ಮೂರನೆಯ ಬಂದೂಕು ಸ್ವಯಂಸೇವಕ ಪಡೆಯ ಸಿಪಾಯಿಗಳು ಸಭೆ ಸೇರಿ, ನಮ್ಮದೂ ಒಂದು ತಂಡವಿರಲಿ ಎಂದು ನಿಶ್ಚಯಿಸಿದರು. ಕ್ಲಬ್ಬಿನ ಹೆಸರಿನಲ್ಲಿರುವ 'ಥರ್ಡ್' ಆ ಮೂರನೆಯ ಪಡೆಯದು. ಮರುವರ್ಷ ಸ್ಕಾಟ್ಲೆಂಡಿನ ಫುಟ್‌ಬಾಲ್ ಸಂಸ್ಥೆಯನ್ನು ಕಟ್ಟಿದ ಎಂಟು ಕ್ಲಬ್ಬುಗಳಲ್ಲಿ ಇದೊಂದು; 1890ರಲ್ಲಿ ಅಲ್ಲಿಯ ಲೀಗ್ ಆರಂಭವಾದಾಗಲೂ ಮೊದಲ ಸಾಲಿನಲ್ಲಿ ಇದ್ದುದು. 1889ರಲ್ಲಿ ಸೆಲ್ಟಿಕ್ ತಂಡವನ್ನೂ 1905ರಲ್ಲಿ ರೇಂಜರ್ಸ್ ತಂಡವನ್ನೂ ಮಣಿಸಿ ಎರಡು ಸಲ ಸ್ಕಾಟಿಷ್ ಕಪ್ ಗೆದ್ದಿತು. 1904ರಲ್ಲಿ ಲೀಗಿನ ಪ್ರಶಸ್ತಿಯೂ ಬಂತು. 1923ರಲ್ಲಿ ಹಡಗು ಹತ್ತಿ ದಕ್ಷಿಣ ಅಮೆರಿಕದ ಅರ್ಜೆಂಟೀನಾ, ಉರುಗ್ವೇಗಳವರೆಗೆ ಹೋಗಿ ಆಡಿ ಬಂತು.

ಸಿಪಾಯಿಗಳಿಂದ ಬಂದ ಕೆಂಪು ಅಂಗಿ ಕೊನೆಯವರೆಗೂ ಉಳಿಯಿತು. ಅಭಿಮಾನಿಗಳ ಕೂಗು "ಹೈ ಹೈ ಹೈ!" ಹಿಂದೊಮ್ಮೆ ಆಟಗಾರನೊಬ್ಬ ಒದ್ದ ಚೆಂಡು ಮೈದಾನದ ಆಚೆಗೆ ಹಾರಿಹೋದಾಗ ಜನ "ಎತ್ತರ! ಇನ್ನೂ ಎತ್ತರ!" ಎಂದು ಕೂಗಿದರಂತೆ, ಅದೇ ತಂಡದ ಅಡ್ಡಹೆಸರಾಯಿತಂತೆ. ಇದು ಐತಿಹ್ಯ. ಆದರೆ ಆ ವೃದ್ಧರು ಮೆಲುದನಿಯಲ್ಲಿ ಒಮ್ಮೆ "ಹೈ ಹೈ ಹೈ" ಎಂದು ಕೂಗಿ ತೋರಿಸಿದಾಗ, ಎದುರಿನ ಮೆಟ್ಟಿಲುಗಳ ಮೇಲಿದ್ದ ಕಾಗೆಗಳು ಎದ್ದು ಹಾರಿದ್ದನ್ನು ನಾನೇ ಕಂಡೆ.

"ನಮ್ಮ ಊರಿನಲ್ಲಿ ಎರಡು ದೊಡ್ಡ ತಂಡಗಳು, ಸೆಲ್ಟಿಕ್, ರೇಂಜರ್ಸ್" ಎಂದು ಅವರು ಫ್ಲಾಸ್ಕಿನ ಮುಚ್ಚಳದಲ್ಲಿ ಚಹ ಸುರಿದು ನನ್ನ ಕೈಗಿತ್ತರು. "ನೀವು ಯಾವ ದೇವಾಲಯಕ್ಕೆ ಹೋಗುತ್ತೀರೆಂಬುದರ ಮೇಲೆ ನಿಮ್ಮ ತಂಡ ಯಾವುದೆಂಬುದು ಬಹುಮಟ್ಟಿಗೆ ನಿಶ್ಚಯವಾಗುತ್ತಿತ್ತು. ನಮ್ಮಪ್ಪನಿಗೆ ಆ ಜಗಳವೇ ಬೇಡವಾಗಿತ್ತು. 'ಥರ್ಡ್ಸ್' ಅಂದರೆ ಬರಿಯ ಫುಟ್‌ಬಾಲು."

ಅವರ ತಂದೆ ಕ್ಲೈಡ್ ನದಿಯ ಹಡಗುಕಟ್ಟೆಯಲ್ಲಿ ಕೂಲಿಗಾರರು. ಶನಿವಾರ ಮಧ್ಯಾಹ್ನದವರೆಗೆ ಕೆಲಸ. ಆಮೇಲೆ ಮೈ ಕೈ ತೊಳೆದು, ಟೊಪ್ಪಿಗೆ ಹಾಕಿ, ಮಗನ ಕೈ ಹಿಡಿದು ಇಲ್ಲಿಗೆ. ಪ್ರವೇಶದ್ವಾರದಲ್ಲಿ ಒಬ್ಬೊಬ್ಬರೇ ನುಗ್ಗುವ ತಿರುಗುಗಂಬಿ. ಚಿಕ್ಕ ಮಕ್ಕಳನ್ನು ಅದರ ಮೇಲಿಂದ ಎತ್ತಿ ದಾಟಿಸಿದರೆ ಟಿಕೆಟ್ಟಿಲ್ಲ. ಅದು ಆ ದೇಶದ ಎಲ್ಲ ಮೈದಾನಗಳಲ್ಲೂ ನಡೆದುಬಂದ ಪದ್ಧತಿ. ತಂದೆಯಿಲ್ಲದೆ ಬಂದ ಹುಡುಗರು ಸಾಲಿನಲ್ಲಿದ್ದ ಅಪರಿಚಿತರನ್ನು "ನನ್ನನ್ನೂ ಎತ್ತಿ ದಾಟಿಸುತ್ತೀರಾ?" ಎಂದು ಕೇಳುವರು, ಇಲ್ಲವೆಂದವರನ್ನು ತಾವು ಕಂಡಿಲ್ಲವೆಂದು ವೃದ್ಧರು ಹೇಳಿದರು.

"ಹತ್ತು ವರ್ಷದವನಾದಾಗಲೂ ಅಪ್ಪ ನನ್ನನ್ನು ಎತ್ತಿ ದಾಟಿಸಿದರು. ದ್ವಾರಪಾಲಕ ನನ್ನ ಉದ್ದದ ಕಾಲು ನೋಡಿ ನಕ್ಕ. ಅಪ್ಪನ ಸೊಂಟ ಮೂರು ದಿನ ನೋಯುತ್ತಿತ್ತು" ಎಂದು ಅವರು ನಕ್ಕರು. "ಅಂದಿನಿಂದ ಇಂದಿನವರೆಗೆ ನನ್ನನ್ನು ಯಾರೂ ಎತ್ತಿಲ್ಲ."

ವಿರಾಮದಲ್ಲಿ ಬಿಸಿ ಬಿಸಿ ಮಾಂಸದ ಕಷಾಯ, ಒಂದು ಕಡುಬಿನಂಥ ತಿಂಡಿ. ನಮ್ಮಲ್ಲಿ ಆಟದ ಮೈದಾನಕ್ಕೂ ಕಡಲೆಕಾಯಿಗೂ ಇರುವ ಸಂಬಂಧವೇ ಅಲ್ಲಿ ಅದಕ್ಕೆ. ಅವರು ಆಡುವವರ ಹೆಸರುಗಳನ್ನು ಹೇಳತೊಡಗಿದರೆ ಅಷ್ಟೋತ್ತರ ಪಠಿಸಿದಂತೆ. ಅಪ್ಪನ ಕಾಲದ ಜಿಮ್ಮಿ ಮೇಸನ್, 1949ರಲ್ಲಿ ಇಂಗ್ಲೆಂಡಿನ ವೆಂಬ್ಲಿಯಲ್ಲಿ ಸ್ಕಾಟ್ಲೆಂಡಿನ ಪರ ಗೋಲು ಹೊಡೆದಾತ. ಆಲಿ ಮೆಕ್ಲೌಡ್, ಇಲ್ಲಿಂದ ಆಟ ಆರಂಭಿಸಿ ಮುಂದೆ 1978ರಲ್ಲಿ ಸ್ಕಾಟ್ಲೆಂಡ್ ತಂಡವನ್ನು ವಿಶ್ವಕಪ್ಪಿಗೆ ಕರೆದೊಯ್ದ ವ್ಯವಸ್ಥಾಪಕ. ಹಿಲ್ಲಿ, ಹಾರ್ಲಿ, ಗ್ರೇ. ಈ ಕೊನೆಯ ಮೂವರ ಹೆಸರು ಬಂದಾಗ ಅವರ ಧ್ವನಿಯೇ ಬದಲಾಯಿತು.

1960–61ರ ಋತು. ಅವರಿಗೆ ಆಗ ಹದಿನೈದು. ಆ ವರ್ಷ ಥರ್ಡ್ ಲ್ಯಾನಾರ್ಕ್ ಲೀಗಿನ 34 ಪಂದ್ಯಗಳಲ್ಲಿ ಸರಿಯಾಗಿ 100 ಗೋಲು ಹೊಡೆದು ಮೂರನೆಯ ಸ್ಥಾನಕ್ಕೇರಿತು. ಅಲೆಕ್ಸ್ ಹಾರ್ಲಿ ಒಬ್ಬನದೇ 42. ಎದುರಾಳಿಗಳಿಗೆ ಬಿಟ್ಟುಕೊಟ್ಟ ಗೋಲುಗಳೂ 80 ಎಂಬುದನ್ನು ಅವರು ಮುಚ್ಚಿಡಲಿಲ್ಲ. "ಲೆಕ್ಕಪತ್ರ ನೋಡುವವನಿಗೆ ಅದು ದುಂದುಗಾರಿಕೆ. ನೋಡಿದವನಿಗೆ ಅದು ಹಬ್ಬ." ಕೊನೆಯ ಪಂದ್ಯದಲ್ಲಿ ಹಿಬರ್ನಿಯನ್ ತಂಡವನ್ನು 6–1ರಿಂದ ಸೋಲಿಸಿ ನೂರನ್ನು ಮುಟ್ಟಿದಾಗ, ತಂದೆ ತಮ್ಮ ಟೊಪ್ಪಿಗೆಯನ್ನು ಮೇಲಕ್ಕೆಸೆದರಂತೆ. ಅದು ಹಿಂತಿರುಗಿ ಬರಲೇ ಇಲ್ಲ. ಅಂದು ಬರಿದಲೆಯಲ್ಲಿ ಮನೆಗೆ ಹೋಗಿ ತಾಯಿಯಿಂದ ಬೈಸಿಕೊಂಡರು.

ಅಲ್ಲಿಂದ ಆರೇ ವರ್ಷಕ್ಕೆ ಕ್ಲಬ್ಬು ನಾಮಾವಶೇಷವಾಯಿತು.

ಇದು ಹೇಗೆ ಸಾಧ್ಯ? ಆಡಳಿತ ಕೈ ಬದಲಾಯಿತು. 1962ರಲ್ಲಿ ಹಾರ್ಲಿಯನ್ನು ಮ್ಯಾಂಚೆಸ್ಟರ್ ಸಿಟಿಗೂ ಹಿಲ್ಲಿಯನ್ನು ನ್ಯೂಕ್ಯಾಸಲಿಗೂ ಮಾರಿದರು. ಬಂದ ಹಣಕ್ಕೆ ಸಮನಾದ ಆಟಗಾರರು ಬರಲಿಲ್ಲ. 1964–65ರಲ್ಲಿ 34 ಪಂದ್ಯಗಳಲ್ಲಿ ಗೆದ್ದದ್ದು 3, ಸಮವಾದದ್ದು 1, ಸೋತದ್ದು 30. ತಂಡ ಕೆಳಗಿನ ದರ್ಜೆಗೆ ಇಳಿಯಿತು. ಮೈದಾನವಿದ್ದ ನೆಲಕ್ಕೆ ಆಟಕ್ಕಿಂತ ಹೆಚ್ಚು ಬೆಲೆ ಬರುವುದೆಂಬ ಆಲೋಚನೆ ಕೆಲವರ ತಲೆಯನ್ನು ಹೊಕ್ಕಿತು. ಮಾರಿ ಮನೆಗಳನ್ನು ಕಟ್ಟಿಸುವ ಹವಣಿಕೆ ನಡೆಯಿತು. 1967ರಲ್ಲಿ ಕ್ಲಬ್ಬು ಸಾಲದಲ್ಲಿ ಮುಳುಗಿ ಮುಚ್ಚಿತು. ಸರಕಾರದ ವಾಣಿಜ್ಯ ಇಲಾಖೆ ವಿಚಾರಣೆ ನಡೆಸಿ ಆಡಳಿತವನ್ನು ಕಟುವಾಗಿ ಖಂಡಿಸಿತು. 1968ರಲ್ಲಿ ನಾಲ್ವರು ಮಾಜಿ ನಿರ್ದೇಶಕರು ಕಂಪೆನಿ ಕಾಯಿದೆಯ ಉಲ್ಲಂಘನೆಗಾಗಿ ತಲಾ 100 ಪೌಂಡು ದಂಡ ತೆತ್ತರು. ತೊಂಬತ್ತೈದು ವರ್ಷ ಬಾಳಿದ ಕ್ಲಬ್ಬಿನ ಬೆಲೆ 400 ಪೌಂಡು! ಒಂದು ಸಮಾಧಾನವೆಂದರೆ, ಅಲ್ಲಿ ಮನೆ ಕಟ್ಟಲು ನಗರಸಭೆ ಒಪ್ಪಲಿಲ್ಲ. ಹೀಗಾಗಿ ಮೈದಾನ ಸಾರ್ವಜನಿಕರ ಉದ್ಯಾನವಾಯಿತು, ಮೆಟ್ಟಿಲುಗಳು ಉಳಿದವು, ಮರಗಳು ಪ್ರೇಕ್ಷಕರ ಜಾಗ ಹಿಡಿದವು. ಹಳೆಯ ಹೆಸರನ್ನು ಹೊತ್ತ ಹವ್ಯಾಸಿ ತಂಡವೊಂದು ಆ ಹುಲ್ಲಿನ ಮೇಲೆ ಆಡುತ್ತಲೂ ಬಂದಿದೆ.

ವಿಧಿಯ ವಿನೋದ ಇನ್ನೊಂದಿದೆ. ಥರ್ಡ್ ಲ್ಯಾನಾರ್ಕ್ ತನ್ನ ಕಟ್ಟಕಡೆಯ ಪಂದ್ಯವನ್ನು ಡಂಬಾರ್ಟನ್ ಊರಿನಲ್ಲಿ 1–5ರಿಂದ ಸೋತದ್ದು 1967ರ ಏಪ್ರಿಲ್ 28ರಂದು. ಅದಾಗಿ ನಾಲ್ಕು ವಾರ ತುಂಬುವುದರೊಳಗೆ, ಮೇ 25ರಂದು, ಅದೇ ಗ್ಲಾಸ್ಗೋದ ಸೆಲ್ಟಿಕ್ ತಂಡ ಲಿಸ್ಬನ್ನಿನಲ್ಲಿ ಯೂರೋಪಿನ ಕಪ್ಪನ್ನು ಗೆದ್ದಿತು. ಊರಿಗೆ ಊರೇ ಕುಣಿಯಿತು. ಮದುವೆಮನೆಯ ಹಿತ್ತಿಲಲ್ಲಿ ಹಳೆಯ ಆಳೊಬ್ಬ ಸತ್ತರೆ ಯಾರು ಕೇಳುತ್ತಾರೆ?

ನಾನು ಲೋಕರೂಢಿಯಂತೆ ಆ ನಿರ್ದೇಶಕರನ್ನು ನಾಲ್ಕು ಮಾತು ಬೈದೆ. ವೃದ್ಧರು ಕೇಳುತ್ತ ಕುಳಿತಿದ್ದರು. ಆಮೇಲೆ ಫ್ಲಾಸ್ಕಿನ ಮುಚ್ಚಳವನ್ನು ನಿಧಾನವಾಗಿ ತಿರುಗಿಸುತ್ತ, "ಈ ಮೈದಾನದಲ್ಲಿ ಕೊನೆಯ ಪಂದ್ಯ ನಡೆದದ್ದು 1967ನೆಯ ಏಪ್ರಿಲ್ 25, ಮಂಗಳವಾರ. ಕ್ವೀನ್ ಆಫ್ ದ ಸೌತ್ ತಂಡದ ಮೇಲೆ. 3–3. ಬಂದಿದ್ದ ಪ್ರೇಕ್ಷಕರು ಎಷ್ಟು ಗೊತ್ತೆ?" ಎಂದರು.

"ಎಷ್ಟು?"

"325. 1954ರಲ್ಲಿ ರೇಂಜರ್ಸ್ ತಂಡ ಬಂದಾಗ ಇದೇ ಮೆಟ್ಟಿಲುಗಳ ಮೇಲೆ 45 ಸಾವಿರಕ್ಕೂ ಹೆಚ್ಚು ಜನ ನಿಂತಿದ್ದರು. ಆದರೆ ಒಂದು ಚೋದ್ಯ ನೋಡಿ. ಆ ಕೊನೆಯ ಪಂದ್ಯಕ್ಕೆ ತಾವು ಹೋಗಿದ್ದೆವೆಂದು ಹೇಳಿದವರನ್ನು ನಾನೊಬ್ಬನೇ ಈ ಐವತ್ತು ವರ್ಷಗಳಲ್ಲಿ ಒಂದು ಸಾವಿರ ಮಂದಿಯನ್ನಾದರೂ ಕಂಡಿದ್ದೇನೆ."

ಇಬ್ಬರೂ ನಕ್ಕೆವು. ಅವರು ಮೊದಲು ನಗು ನಿಲ್ಲಿಸಿದರು.

"ನಾನೂ ಹಾಗೆಯೇ ಹೇಳುತ್ತಿದ್ದೆ. ಮೂವತ್ತು ವರ್ಷ ಹೇಳಿದೆ. ಹೋಟೆಲಿನಲ್ಲಿ, ಕಾರ್ಖಾನೆಯಲ್ಲಿ, ನನ್ನ ಮಕ್ಕಳ ಮುಂದೆ. ಮಳೆ ಹೇಗಿತ್ತು, ಮೂರನೆಯ ಗೋಲು ಹೇಗಾಯಿತು, ಎಲ್ಲವನ್ನೂ ವರ್ಣಿಸುತ್ತಿದ್ದೆ. ಅದೆಲ್ಲ ಅಪ್ಪನಿಂದ ಕೇಳಿದ್ದು. ನಾನು ಹೋಗಿರಲಿಲ್ಲ."

ಅಂದು ಬೆಳಗ್ಗೆ ತಂದೆ, "ಸಂಜೆ ಆಟವಿದೆ, ಬರುತ್ತೀಯಾ?" ಎಂದು ಕೇಳಿದ್ದರಂತೆ. ಇವರಿಗೆ ಆಗ ಇಪ್ಪತ್ತೊಂದು. ತಂಡ ಎರಡನೆಯ ದರ್ಜೆಯಲ್ಲಿ ಅಲ್ಲಿ ಇಲ್ಲಿ ತೊಳಲುತ್ತಿತ್ತು. ಒಬ್ಬ ಹುಡುಗಿಯ ಸ್ನೇಹವಾಗಿತ್ತು. "ಮುಂದಿನ ಋತುವಿಗೆ ಬರುತ್ತೇನಪ್ಪ" ಎಂದು ಹೇಳಿ ಸಿನಿಮಾಕ್ಕೆ ಹೋದರು. ಆ ಹುಡುಗಿಯನ್ನೇ ಮದುವೆಯಾಗಿ ಐವತ್ತು ವರ್ಷ ಸಂಸಾರ ಮಾಡಿದರು. ಆದರೆ ಅಂದು ಯಾವ ಚಿತ್ರ ನೋಡಿದರೆಂಬುದು ಇಬ್ಬರಿಗೂ ಎಂದೂ ನೆನಪಿಗೆ ಬರಲಿಲ್ಲ.

"ರಾತ್ರಿ ನಾನು ಮನೆಗೆ ಬಂದಾಗ ಅಪ್ಪ ಒಲೆಯ ಮುಂದೆ ಕೋಟು ಒಣಗಿಸುತ್ತಿದ್ದರು. 'ಮೂರು ಮೂರು' ಎಂದರು. ಅಷ್ಟೇ. ಇನ್ನು ಮುಂದಿನ ಋತು ಇಲ್ಲವೆಂದು ಬೇಸಗೆಯಲ್ಲಿ ಪತ್ರಿಕೆಯಲ್ಲಿ ಬಂದ ದಿನ, ಅವರು ಅದನ್ನು ಮಡಚಿ ನನ್ನ ಕಡೆ ಸರಿಸಿದರು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು."

ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. "ನೀವೊಬ್ಬರು ಹೋಗಿದ್ದರೆ ಕ್ಲಬ್ಬು ಉಳಿಯುತ್ತಿತ್ತೆ?" ಎಂದೆ, ಸಮಾಧಾನಕ್ಕಾಗಿ.

"ಇಲ್ಲ. 326 ಆಗುತ್ತಿತ್ತು" ಎಂದರು. "ಆ ನಾಲ್ವರಿಗೆ ನ್ಯಾಯಾಲಯ ದಂಡ ಹಾಕಿತು. ಅವರು ಮಾಡಿದ್ದು ತಪ್ಪು. ನಾನು ಅವರನ್ನು ಕ್ಷಮಿಸುವುದಿಲ್ಲ. ಆದರೆ 45 ಸಾವಿರ 325 ಆದದ್ದು ಅವರೊಬ್ಬರಿಂದಲೇ ಅಲ್ಲ. ಉಳಿದವರಾದ ನಮಗೆ ಯಾರೂ ದಂಡ ಹಾಕಲಿಲ್ಲ. ಅದಕ್ಕೇ ಮಂಗಳವಾರ ಮಂಗಳವಾರ ಇಲ್ಲಿಗೆ ಬಂದು ಒಂದು ಗಂಟೆ ಕೂರುತ್ತೇನೆ."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಮೈದಾನದಲ್ಲಿ ಇಬ್ಬರು ಹುಡುಗರು, ಒಬ್ಬಳು ಹುಡುಗಿ ಚೆಂಡು ಒದೆಯುತ್ತಿದ್ದರು. ಚೆಂಡು ನಮ್ಮ ಕಡೆ ಉರುಳಿ ಬಂತು. ಶಾಲೆಯ ದಿನಗಳ ನಂತರ ಮೊದಲ ಬಾರಿಗೆ ಕಾಲ್ಚೆಂಡನ್ನು ಒದ್ದೆ. ಅದು ಅವರ ಕಡೆಗೆ ಹೋಗದೆ ಮರಗಳ ಕಡೆಗೆ ಹೋಯಿತು. ವೃದ್ಧರು ಮರ್ಯಾದೆಗಾಗಿ ಬೇರೆ ಕಡೆ ನೋಡಿದರು.

"ನಿಮ್ಮ ಊರಿನಲ್ಲಿ ಫುಟ್‌ಬಾಲ್ ಇದೆಯೆ? ನಿಮ್ಮವರದು ಕ್ರಿಕೆಟ್ ಅಲ್ಲವೆ?"

ಈ ಪ್ರಶ್ನೆಗೆ ನನ್ನ ಬೆಂಗಳೂರಿನ ಅಭಿಮಾನ ಎದ್ದು ನಿಂತಿತು. ನನ್ನ ತಂದೆಯವರಿಂದ ಕೇಳಿದ್ದನ್ನೆಲ್ಲ ಹೇಳಿದೆ. ಬೊಂಬಾಯಿಯಲ್ಲಿ 1891ರಿಂದ ರೋವರ್ಸ್ ಕಪ್ ಎಂಬ ಪಂದ್ಯಾವಳಿ ನಡೆಯುತ್ತಿತ್ತು. ನಲವತ್ತೈದು ವರ್ಷಗಳ ಕಾಲ ಅದನ್ನು ಗೆದ್ದವರೆಲ್ಲ ಬ್ರಿಟಿಷ್ ಪಲ್ಟಣಗಳವರೇ. 1937ರಲ್ಲಿ ಮೊದಲ ಬಾರಿಗೆ ಅದನ್ನು ಗೆದ್ದ ಭಾರತೀಯ ನಾಗರಿಕ ತಂಡ ನಮ್ಮ ಊರಿನ ಬೆಂಗಳೂರ್ ಮುಸ್ಲಿಮ್ಸ್. ಫೈನಲಿನಲ್ಲಿ ಸೋಲಿಸಿದ್ದು ಕಲ್ಕತ್ತೆಯ ಲೀಗನ್ನು ವರ್ಷವರ್ಷವೂ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. 1938ರಲ್ಲಿ ಮತ್ತೆ ಗೆದ್ದರು. ಆಗ ನಮ್ಮ ತಂದೆಗೆ ಹದಿನೈದು ಹದಿನಾರು ವಯಸ್ಸು. ಆ ಸುದ್ದಿ ಬಂದ ದಿನ ಬಸವನಗುಡಿಯ ಬ್ರಾಹ್ಮಣರ ಹುಡುಗರೂ ದಂಡಿನ ಪ್ರದೇಶದ ಹುಡುಗರೂ ಒಟ್ಟಿಗೆ ಕುಣಿದರೆಂದು ಅವರು ಹೇಳುತ್ತಿದ್ದರು.

"ಇನ್ನೂ ಕೇಳಿ" ಎಂದೆ. "ಸ್ವತಂತ್ರ ಭಾರತದ ತಂಡ ಒಲಿಂಪಿಕ್ಸಿನಲ್ಲಿ ಮೊದಲು ಆಡಿದ್ದು ನಿಮ್ಮ ಲಂಡನ್ನಿನಲ್ಲೇ, 1948ರಲ್ಲಿ. ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಫ್ರಾನ್ಸಿನ ಮೇಲೆ 1–2ರಿಂದ ಸೋತೆವು. ಆ ಒಂದು ಗೋಲು ನಮ್ಮ ಊರಿನ ಸಾರಂಗಪಾಣಿ ರಾಮನ್ ಹೊಡೆದದ್ದು. ಅದೇ ತಂಡದಲ್ಲಿ ನಮ್ಮವರೇ ಆದ ಅಹಮದ್ ಖಾನ್ ಇದ್ದರು. ಆಮೇಲೆ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡ ಸೇರಿದರು. ಅಲ್ಲಿಯ ಮುಂಪಂಕ್ತಿಯ ಐವರನ್ನು ಜನ ಪಂಚಪಾಂಡವರೆನ್ನುತ್ತಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯ ನಮ್ಮನ್ನು 10–1ರಿಂದ ಸದೆಬಡಿಯಿತು. ಆ ಒಂದೂ ಅವರದೇ."

ವೃದ್ಧರು ಕಣ್ಣರಳಿಸಿ ಕೇಳುತ್ತಿದ್ದರು. ಅವರಿಗೆ ಮತ್ತೊಬ್ಬ ತಂದೆ, ಮತ್ತೊಂದು ಕೆಂಪು ಕಂಬಿ ಕಂಡಿರಬೇಕು. "ಅವರನ್ನು ನೋಡಿದ್ದೀರಾ?" ಎಂದರು.

"ನಮ್ಮ ತಂದೆ ನೋಡಿದ್ದರು."

"ನೀವು?"

ಅಹಮದ್ ಖಾನ್ ನಿವೃತ್ತರಾಗಿ ಬೆಂಗಳೂರಿಗೆ ಹಿಂತಿರುಗಿದ್ದರು. ತೊಂಬತ್ತರ ವಯಸ್ಸಿನಲ್ಲಿ, 2017ರ ಆಗಸ್ಟ್ 27ರಂದು, ಅಲ್ಲಿಯೇ ತೀರಿಕೊಂಡರು. ಅವರಿದ್ದ ಊರಿನಲ್ಲೇ ನಾನೂ ಇದ್ದೆ. "ಒಂದು ಸಲ ನನ್ನನ್ನು ಅವರ ಮನೆಗೆ ಕರೆದುಕೊಂಡು ಹೋಗೋ, ಕೈ ಮುಗಿದು ಬರುತ್ತೇನೆ" ಎಂದು ನಮ್ಮ ತಂದೆ ತಮ್ಮ ಕೊನೆಯ ವರ್ಷಗಳಲ್ಲಿ ನನಗೆ ಎರಡು ಮೂರು ಬಾರಿ ಹೇಳಿದ್ದರು. ವಿಳಾಸ ಕಂಡುಹಿಡಿಯಬೇಕು, ರಜೆ ಹಾಕಬೇಕು, ಆಟೋ ಮಾಡಬೇಕು. "ದಸರಾ ಕಳೆಯಲಿ ಅಣ್ಣ" ಎಂದೆ. ಎಷ್ಟು ದಸರಾಗಳು ಕಳೆದವು! ತಂದೆಯವರನ್ನು ನಾವು ಅಣ್ಣ ಎಂದೇ ಕರೆಯುತ್ತಿದ್ದುದು. ಅವರು ಮೊದಲು ಹೋದರು. ಅನಂತರ ಖಾನರೂ ಹೋದರು. ಮರುದಿನ ಪತ್ರಿಕೆಯಲ್ಲಿ ಸುದ್ದಿ ಓದಿ, ಎದುರಿಗಿದ್ದವರಿಗೆ ಪಂಚಪಾಂಡವರ ಕಥೆಯನ್ನು ಕಣ್ಣಾರೆ ಕಂಡವನಂತೆ ಹೇಳಿದ್ದೆ.

"ಇಲ್ಲ" ಎಂದೆ. "ನೋಡಲಿಲ್ಲ."

ಅವರು ಮತ್ತೆ ಪ್ರಶ್ನಿಸಲಿಲ್ಲ. ಫ್ಲಾಸ್ಕಿನಲ್ಲಿ ಉಳಿದಿದ್ದ ಚಹವನ್ನು ನನ್ನ ಮುಚ್ಚಳಕ್ಕೇ ಸುರಿದರು.

ವಾಚಕರೇ, ಊರಿಗೆ ಬಂದ ಮೇಲೆ ಇದನ್ನು ಕುರಿತು ಬಹಳ ಯೋಚಿಸಿದೆ. ನಮ್ಮ ಊರಿನ ಹಳೆಯ ಸುಖಗಳು ಒಂದೊಂದಾಗಿ ಮರೆಯಾದವೆಂದು ಹಲುಬುವುದರಲ್ಲಿ ನಾವು ಯಾರಿಗೂ ಕಡಮೆಯಲ್ಲ. ಆ ರೋವರ್ಸ್ ಕಪ್ಪೇ ಈ ಶತಮಾನದ ಆರಂಭದಲ್ಲಿ ನಿಂತುಹೋಯಿತು. ನಾಟಕದ ಕಂಪೆನಿಗಳು ಡೇರೆ ಎತ್ತಿದವು. ಬೀದಿಯ ಮೂಲೆಯ ಓದುವ ಮನೆಗಳು ಬಾಗಿಲು ಹಾಕಿದವು. ಹಾರ್ಮೋನಿಯಂ ಕಲಿಸುವ ಮೇಷ್ಟರು ಹೋದರು. ಹೋದಾಗ ನಾವೆಲ್ಲ ಕಣ್ಣೀರು ಹಾಕಿದೆವು, ಸ್ಮರಣ ಸಂಚಿಕೆಗೆ ಲೇಖನ ಬರೆದೆವು. ಆದರೆ ಕಂಪೆನಿಯ ಕೊನೆಯ ವರ್ಷ, ಡೇರೆಯಲ್ಲಿ ಅರ್ಧ ಕುರ್ಚಿಗಳು ಖಾಲಿಯಿದ್ದಾಗ, ಟಿಕೆಟ್ಟು ಕೊಂಡು ಕುಳಿತವರು ನಮ್ಮಲ್ಲಿ ಎಷ್ಟು ಮಂದಿ? ನೆನಪಿಗೆ ಖರ್ಚಿಲ್ಲ. ಅದಕ್ಕೆ ಮಳೆಯಲ್ಲಿ ನಿಲ್ಲಬೇಕಾಗಿಲ್ಲ, ರಜೆ ಹಾಕಬೇಕಾಗಿಲ್ಲ. ಬದುಕಿರುವ ವಸ್ತುವಿಗಾದರೋ ನಾವು ಎದ್ದು ಹೋಗಬೇಕು. ಹೋದ ದಿನ ಆಟ ಚೆನ್ನಾಗಿರುತ್ತದೆಂಬ ಭರವಸೆಯೂ ಇಲ್ಲ.

ಎಲ್ಲವನ್ನೂ ಉಳಿಸಲಾಗದೆಂಬುದು ನನಗೂ ಗೊತ್ತು. ನಾನೊಬ್ಬ ಹೋದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಗ್ಲಾಸ್ಗೋದ ಆ ವೃದ್ಧರಿಗಿಂತ ಒಳ್ಳೆಯ ಉತ್ತರ ನನ್ನಲ್ಲಿಯೂ ಇಲ್ಲ. ಒಂದು ಹೆಚ್ಚಾಗುತ್ತದೆ, ಅಷ್ಟೇ. ಆದರೆ ಪಕ್ಕದಲ್ಲಿ ನಿಂತಿದ್ದ ತಂದೆಗೆ ಆ ಒಂದು ಎಷ್ಟು ದೊಡ್ಡದಾಗಿರುತ್ತಿತ್ತು!

ಮೊನ್ನೆ ಒಂದು ಮಂಗಳವಾರ ಮಧ್ಯಾಹ್ನ ಕೊಡೆ ತೆಗೆದುಕೊಂಡು ಹೊರಟೆ. "ಎಲ್ಲಿಗೆ?" ಎಂದಳು ನನ್ನಾಕೆ. "ಫುಟ್‌ಬಾಲಿಗೆ" ಎಂದೆ. ಆಕೆ ನನ್ನ ಹಣೆ ಮುಟ್ಟಿ ನೋಡಿದಳು. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಸ್ಥಳೀಯ ಲೀಗಿನ ಒಂದು ಪಂದ್ಯವಿತ್ತು. ಆಡುವ ತಂಡಗಳು ಯಾವುವೆಂದು ಕಡಲೆಕಾಯಿ ಮಾರುವವನನ್ನು ಕೇಳಿ ತಿಳಿದುಕೊಂಡೆ. ಆಟ ಅಂಥದೇನೂ ಇರಲಿಲ್ಲ. ಆದರೆ ಎಡಪಕ್ಕದಲ್ಲಿ ಆಡುತ್ತಿದ್ದ ಕುಳ್ಳ ಹುಡುಗನೊಬ್ಬ ಒಮ್ಮೆ ಮೂವರನ್ನು ದಾಟಿಸಿ ಚೆಂಡನ್ನು ಒಯ್ದ ಬೆಡಗನ್ನು ನೋಡಿ, ನನ್ನ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಮುದುಕರೊಬ್ಬರು "ಭಲೆ ಮಗನೇ!" ಎಂದರು. ತಿರುಗಿ ನೋಡಿದೆ. ಅವರು ಪಕ್ಕದ ಜಾಗದಿಂದ ತಮ್ಮ ಚೀಲವನ್ನು ತೆಗೆದು, "ಬನ್ನಿ ಸ್ವಾಮಿ, ಇಲ್ಲಿ ಚೆನ್ನಾಗಿ ಕಾಣುತ್ತದೆ" ಎಂದರು.

ವಿರಾಮದಲ್ಲಿ ಪ್ರೇಕ್ಷಕರನ್ನು ಎಣಿಸಿದೆ. ಕಡಲೆಕಾಯಿಯವನನ್ನು ಬಿಟ್ಟು, ನನ್ನನ್ನು ಸೇರಿಸಿ, 83 ಮಂದಿ.

ಮನೆಗೆ ಬಂದಾಗ, "ಗೆದ್ದವರು ಯಾರು?" ಎಂದು ನನ್ನಾಕೆ ಕೇಳಿದಳು. ಹಿಂದಿನ ಸಾಲಿನ ಮುದುಕರು ಹಳೆಯ ಆಟಗಾರರ ಕಥೆ ತೆಗೆದಿದ್ದರಿಂದ ಕೊನೆಯ ಗೋಲು ಯಾರದೆಂಬುದು ನನಗೆ ತಿಳಿಯಲಿಲ್ಲ. ಅದನ್ನು ಹಾಗೆಯೇ ಹೇಳಿದೆ. ಆಮೇಲೆ ಮೇಜಿನ ಮುಂದೆ ಕುಳಿತು ಗ್ಲಾಸ್ಗೋಗೆ ಒಂದು ಕಾಗದ ಬರೆದೆ. ಪಂದ್ಯದ ವಿವರ ಹೆಚ್ಚಿಲ್ಲದ್ದರಿಂದ ಕಾಗದ ಚಿಕ್ಕದಾಯಿತು. ಪ್ರೇಕ್ಷಕರ ಸಂಖ್ಯೆಯನ್ನು ಮಾತ್ರ ತಪ್ಪದೆ ಬರೆದಿದ್ದೇನೆ.